ಯೆಶಾಯ 7:14: 'ಅಲ್ಮಾ' ಪಟ್ಟಿ ಮುಗಿಯಿತು, ಈಗ 'ಹರಾ'

ಹೀಬ್ರೂ ಓದುವ ನನ್ನ ಹವ್ಯಾಸದಲ್ಲಿ ಈ ತಿಂಗಳು ಪೂರ್ತಿ ಒಂದೇ ವಚನಕ್ಕೆ ಹೋಯಿತು. ಯೆಶಾಯ 7:14, ಇಮ್ಮಾನುವೇಲನ ಪ್ರವಾದನೆ: 'ಅಲ್ಮಾ' ಬಸುರಿ, ಮಗನನ್ನು ಹೆತ್ತು ಇಮ್ಮಾನುವೇಲ ಅಂತ ಹೆಸರಿಡುವಳು. ಅಲ್ಲಿನ 'ಅಲ್ಮಾ' ಪುರುಷನನ್ನೇ ಅರಿಯದವಳೋ, ಬರೀ ಯುವತಿಯೋ? ಈ ವಾದವನ್ನು ಎರಡನೇ ಶತಮಾನದಲ್ಲೇ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟರ್ ಬರೆದಿಟ್ಟಿದ್ದಾನೆ. 1952ರಲ್ಲಿ ಆರ್‌ಎಸ್‌ವಿ ಇಂಗ್ಲಿಷ್ ಬೈಬಲ್ 'ಯುವತಿ' ಅಂತ ಹಾಕಿದಾಗ ಅಮೆರಿಕದ ಒಬ್ಬ ಪಾದ್ರಿ ಆ ಹಾಳೆಯನ್ನೇ ಸುಟ್ಟರು.

ಹೀಬ್ರೂ ಬೈಬಲಿನಲ್ಲಿ 'ಅಲ್ಮಾ' ಎಲ್ಲೆಲ್ಲಿ ಬರುತ್ತದೆ ಅನ್ನುವ ಪಟ್ಟಿ ಮುಗಿಯಿತು. ಕೀರ್ತನೆಯ ತಲೆಬರಹ ಮತ್ತು ವಾದ್ಯದ ಸೂಚನೆಗಳನ್ನು ಬಿಟ್ಟರೆ ಈ ಪದ ಬರುವುದು 7 ಕಡೆ. ವಿಮೋಚನಕಾಂಡದಲ್ಲಿ ಮೋಶೆಯ ಅಕ್ಕ, ಆದಿಕಾಂಡದಲ್ಲಿ ರೆಬೆಕ್ಕ, ಪರಮಗೀತದಲ್ಲಿ ರಾಣಿ, ಉಪಪತ್ನಿಯರ ಸಾಲಿನ ನಂತರ ಲೆಕ್ಕವಿಲ್ಲದಷ್ಟು ಹುಡುಗಿಯರು. ಎಲ್ಲಾ ಕಡೆ ವಯಸ್ಸೇ ಮುಖ್ಯ ಅನ್ನಿಸುತ್ತದೆ. ಉತ್ತರ ಕರ್ನಾಟಕದಲ್ಲಿ 'ಕನ್ಯಾ ನೋಡಾಕ ಹೋಗಿದ್ವಿ' ಅಂದರೆ ಮದುವೆಗೆ ಹುಡುಗಿ ನೋಡಿ ಬಂದರು ಅಂತ ಅಷ್ಟೇ ಅಲ್ವಾ? 'ಅಲ್ಮಾ' ಹೆಚ್ಚು ಕಡಿಮೆ ಹಾಗೇ ಇದೆ.

ಹೀಬ್ರೂವಿನಲ್ಲಿ ಕನ್ಯೆಗೆ 'ಬೆತುಲಾ' ಅನ್ನುವ ಇನ್ನೊಂದು ಪದವಿದೆ. 'ಕನ್ಯೆ ಅನ್ನಬೇಕಿದ್ದರೆ ಯೆಶಾಯ ಬೆತುಲಾ ಅನ್ನುತ್ತಿದ್ದ' ಅನ್ನುವ ವಾದ ಮಾತ್ರ ನನಗೆ ಒಪ್ಪಿಗೆಯಿಲ್ಲ. ಯೋವೇಲ 1:8ರಲ್ಲಿ ಬೆತುಲಾ ತನ್ನ ಯೌವನದ ಗಂಡನಿಗಾಗಿ ಗೋಳಾಡುತ್ತಾಳೆ. ಆದಿಕಾಂಡ 24:16ರಲ್ಲಿ ರೆಬೆಕ್ಕಳನ್ನು ಬೆತುಲಾ ಅಂದ ಮೇಲೂ 'ಪುರುಷನನ್ನು ಅರಿಯದವಳು' ಅಂತ ಬಿಡಿಸಿ ಹೇಳಲಾಗಿದೆ. ಅಂದರೆ ಆ ಪದವೂ ಒಂದೇ ಅರ್ಥಕ್ಕೆ ಕಟ್ಟುಬಿದ್ದಿಲ್ಲ.

ನನ್ನ ಮಟ್ಟಿಗೆ ಅಸಲಿ ಗಂಟು ಇರುವುದು ಮುಂದಿನ ಪದದಲ್ಲಿ. 'ಹಾ-ಅಲ್ಮಾ ಹರಾ' ('ಹಾ' ಅಂದರೆ 'ಆ'). ಇಲ್ಲಿ ಹರಾ ಕ್ರಿಯಾಪದವಲ್ಲ, ಗುಣವಾಚಕ: ಬಸುರಿ. ನಡುವೆ 'ಇದ್ದಾಳೆ', 'ಆಗುವಳು' ಏನೂ ಇಲ್ಲ. ಕಾಲವನ್ನು ಓದುವವರೇ ತುಂಬಬೇಕು. ಇದೇ ಅಚ್ಚಿನ ಮಾತು ಆದಿಕಾಂಡ 16:11ರಲ್ಲಿ ಅಬ್ರಹಾಮನ ಮನೆಯ ದಾಸಿ ಹಾಗರಳಿಗೆ ಬರುತ್ತದೆ. ಅವಳು ಆಗಲೇ ಬಸುರಿ. ನ್ಯಾಯಸ್ಥಾಪಕರು 13:5ರಲ್ಲಿ ಸಂಸೋನನ ತಾಯಿಗೂ ಅದೇ ಮಾತು. ಆದರೆ ಅವಳು ಬಂಜೆ, ಮುಂದೆ ಗರ್ಭ ಧರಿಸುವಳು ಅಂತ ಎರಡೇ ವಚನ ಹಿಂದೆ ಹೇಳಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಎಷ್ಟು ಸಲ ಓದಿದರೂ ವ್ಯಾಕರಣ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ.

ಹಾಗಾಗಿ ಸಂದರ್ಭ ನೋಡಿದೆ. ಅರಾಮ್ (ರಾಜಧಾನಿ ದಮಸ್ಕ) ಮತ್ತು ಇಸ್ರಾಯೇಲಿನ ರಾಜರು ಯೆರೂಸಲೇಮಿನ ಮೇಲೆ ಬಿದ್ದಿದ್ದಾರೆ. ಯೆಹೂದದ ರಾಜ ಆಹಾಜ ನಡುಗುತ್ತಿದ್ದಾನೆ. ಮಗುವಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವ ಮೊದಲೇ ಆ ಇಬ್ಬರ ದೇಶ ಪಾಳು ಬೀಳುತ್ತದೆ ಅನ್ನುತ್ತದೆ 16ನೇ ವಚನ. ಕ್ರಿ.ಪೂ. 732ರಲ್ಲಿ ಅಶ್ಶೂರರ ಕೈಗೆ ದಮಸ್ಕ ಬಿತ್ತು. ಗಡುವು ಅಷ್ಟು ಹತ್ತಿರ ಇರುವಾಗ 'ಈ ಹುಡುಗಿ ಬಸುರಿ ಇದ್ದಾಳೆ' ಅನ್ನುವ ಓದೇ ನನಗೆ ಸರಿ ಕಾಣುತ್ತದೆ.

ಮುಂದಿನ ಕೆಲಸ ಸೆಪ್ಟುವಜಿಂಟ್, ಅಂದರೆ ಹೀಬ್ರೂ ಬೈಬಲಿನ ಹಳೆಯ ಗ್ರೀಕ್ ಅನುವಾದ. ಅದು ಇಲ್ಲಿ 'ಪಾರ್ಥೆನೋಸ್' (ಸಾಮಾನ್ಯವಾಗಿ 'ಕನ್ಯೆ') ಅನ್ನುತ್ತದೆ, ಜೊತೆಗೆ ಭವಿಷ್ಯತ್ಕಾಲವನ್ನೂ ಗಟ್ಟಿ ಮಾಡುತ್ತದೆ. ಯೇಸುವಿನ ಜನನ ಹೇಳುವ ಮತ್ತಾಯ 1:23ಕ್ಕೆ ಬಂದದ್ದು ಆ ರೂಪ. ಆದರೆ ಅದೇ ಸೆಪ್ಟುವಜಿಂಟ್ ಆದಿಕಾಂಡ 34:3ರಲ್ಲಿ, ಶೆಕೆಮನು ದೀನಳನ್ನು ಕೆಡಿಸಿದ ಮೇಲೂ, ಅವಳನ್ನು ಪಾರ್ಥೆನೋಸ್ ಅನ್ನುತ್ತದೆ. ಹೊಸ ಪಟ್ಟಿ ಅಲ್ಲಿಂದಲೇ ಶುರು.