ಗಣೆಯ ಶ್ರುತಿಗೆ ಗಿಟಾರ್: ಬೇಸಿಗೆ ರಜೆಯಲ್ಲಿ ಆದಷ್ಟು ಕೆಲಸ

ಏಪ್ರಿಲ್ ಎರಡನೆಯ ವಾರ, ಚಿತ್ರದುರ್ಗ

ಪರೀಕ್ಷೆ, ಮೌಲ್ಯಮಾಪನ ಎಲ್ಲ ಮುಗಿದು ಗಿಟಾರ್ ಹೊರಗೆ ಬಂದಿದೆ. ಈ ರಜೆಯಲ್ಲಿ ಧ್ವನಿಮುದ್ರಿಸಬೇಕಾದ ಹಾಡುಗಳ ಪಟ್ಟಿ ಐದಕ್ಕೆ ನಿಂತಿತು. ಮೂರರ ಮಾತು, ಧಾಟಿ ಎರಡೂ ನನ್ನವು. ಉಳಿದ ಎರಡರಲ್ಲಿ ಗಣೆ ಮುಂದೆ, ನಾನು ಹಿಂದೆ.

ಹೊರಗಿನವರಿಗೆ ಒಂದು ಮಾತು. ಗಣೆ ಎಂದರೆ ಕಾಡುಗೊಲ್ಲರ ಉದ್ದನೆಯ ಬಿದಿರ ಕೊಳಲು. ಅವರ ದೈವ ಜುಂಜಪ್ಪನ ಕಾವ್ಯ ಹಾಡುವಾಗ ಜೊತೆಗಿರುವುದು ಇದೇ. ನನಗಾಗಿ ಊದಲು ಒಪ್ಪಿದವರು ಚಳ್ಳಕೆರೆ ಕಡೆಯ ಹಟ್ಟಿಯ ಹಿರಿಯರೊಬ್ಬರು. ಅವರ ಹೆಸರು ಹಾಡಿನ ಜೊತೆಗೇ ಹೊರಬರಲಿ. ಅಲ್ಲಿಯವರೆಗೆ ತಾತ ಎಂದೇ ಬರೆಯುತ್ತೇನೆ. ಅವರ ಷರತ್ತು ಒಂದೇ: ದೇವರ ಪದಕ್ಕೆ ಗಿಟಾರ್ ಬೇಡ, ಕುರಿ ಮೇಯಿಸುವಾಗ ಊದುವ ಧಾಟಿಗಳಿಗೆ ಆಗಬಹುದು. ಈ ಗೆರೆ ಎಳೆಯಬೇಕಾದವರು ಅವರೇ. ಹಾಗಾಗಿ ನಾನು ಚೌಕಾಸಿಗೆ ಇಳಿಯಲಿಲ್ಲ.

ಮೊದಲ ತೊಡಕು ಶ್ರುತಿಯದು. ಬಿದಿರಿಗೆ ರಂಧ್ರ ಕೊರೆದವರು ಪಾಶ್ಚಾತ್ಯ ಸ್ವರಪಟ್ಟಿಯನ್ನು ಎದುರಿಗಿಟ್ಟುಕೊಂಡು ಕೊರೆದಿಲ್ಲವಲ್ಲ. ತಾತನ ಗಣೆಯ ಆಧಾರ ಸ್ವರ ಪಾಶ್ಚಾತ್ಯರ ಡಿ ಸ್ವರಕ್ಕಿಂತ ಸುಮಾರು 30 ಸೆಂಟ್ ಮೇಲಿದೆ (ಅರ್ಧ ಸ್ವರಕ್ಕೆ 100 ಸೆಂಟ್). ಗಿಟಾರಿನ ಮೆಟ್ಟಿಲುಗಳ ನಡುವೆ ಅದಕ್ಕೆ ಜಾಗವಿಲ್ಲ. ಕಂಪ್ಯೂಟರಿನಲ್ಲಿ ಗಣೆಯನ್ನೇ 30 ಸೆಂಟ್ ಇಳಿಸಿಬಿಡು ಎಂದು ಬೆಂಗಳೂರಿನ ಗೆಳೆಯನೊಬ್ಬ ಸಲಹೆ ಕೊಟ್ಟ. ಮೊಬೈಲಿನಲ್ಲೇ ಆಗುವ ಕೆಲಸ, ನಿಜ. ಆದರೆ ಆರು ತಂತಿಗಳ ಕಿವಿ ಹಿಂಡಿದರೆ ಸಾಕಾಗುವಲ್ಲಿ ತಾತನ ಉಸಿರನ್ನೇಕೆ ತಿದ್ದಬೇಕು? ಶ್ರುತಿ ಅಳೆಯುವ ಟ್ಯೂನರಿನ ಆಧಾರವನ್ನು ರೂಢಿಯ 440ರಿಂದ 448 ಹರ್ಟ್ಸ್‌ಗೆ ಏರಿಸಿ ಇಡೀ ಗಿಟಾರನ್ನು ಅದಕ್ಕೆ ಹೊಂದಿಸಿದೆ. 440ನ್ನು 2ರ 30/1200 ಘಾತದಿಂದ ಗುಣಿಸಿದರೆ 447.7 ಬರುತ್ತದೆ. ಲಾಗರಿದಮ್ ಯಾವ ಉಪಯೋಗಕ್ಕೆ ಎಂದು ಕೇಳುವ ಹುಡುಗರಿಗೆ ಜೂನ್‌ನಲ್ಲಿ ಇದನ್ನೇ ಹೇಳಬೇಕು.

ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್ ಹಾಡಿನಿಂದ ಹಾಡಿಗೆ ಗಿಟಾರಿನ ಶ್ರುತಿಯನ್ನೇ ಬದಲಿಸುತ್ತಿದ್ದರು. ವೇದಿಕೆಯ ಮೇಲೆ ಎರಡು ಹಾಡುಗಳ ನಡುವೆ ತಂತಿ ತಿರುಗಿಸುತ್ತಾ ಕುಳಿತರೆ ಸಭಿಕರು ಮಾತಿಗೆ ತೊಡಗುತ್ತಿದ್ದರು. 1969ರಿಂದ 1972ರ ನಡುವೆ ಮೂರು ಆಲ್ಬಂ ತಂದರು, ಯಾವುದೂ ಹೆಚ್ಚು ಮಾರಾಟವಾಗಲಿಲ್ಲ. 1974ರಲ್ಲಿ, 26ನೆಯ ವಯಸ್ಸಿಗೆ ತೀರಿಕೊಂಡರು. ಇಂದು ಇಂಡೀ-ಫೋಕ್ ಹಾಡುವವರಲ್ಲಿ ಅವರ ಋಣ ಇಲ್ಲದವರು ಕಡಿಮೆ. ಈ ಕಥೆಯನ್ನು ಹೊಸಬರಿಗೆ ಧೈರ್ಯ ತುಂಬಲು ಹೇಳುವವರಿದ್ದಾರೆ. ನನಗೆ ಅದರಿಂದ ಧೈರ್ಯವೇನೂ ಬರುವುದಿಲ್ಲ. ನನಗೆ ಸಂಬಳ ಬರುತ್ತದೆ, ಅದೇ ಧೈರ್ಯ.

ಏಪ್ರಿಲ್ ಕೊನೆ

ಧ್ವನಿಮುದ್ರಣಕ್ಕೆಂದು ಮನೆಯ ಹಿಂಭಾಗದ ಕೋಣೆಯ ಗೋಡೆಗಳಿಗೆ ಚಳ್ಳಕೆರೆಯ ಕರಿ ಕಂಬಳಿ ಬಂದಿದೆ. ಸ್ಟುಡಿಯೋ ಫೋಮಿಗೆ ಹೋಲಿಸಿದರೆ ಕೈಗೆಟುಕುವ ಬೆಲೆ, ಧ್ವನಿಮುದ್ರಣ ಮುಗಿದ ಮೇಲೆ ಹೊದ್ದುಕೊಳ್ಳಲೂ ಆಗುತ್ತದೆ. ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ತೂಗುಹಾಕಿದರೆ ಇನ್ನಷ್ಟು ಸದ್ದು ಹೀರುತ್ತದೆ. ಉಣ್ಣೆ ಮೇಲಿನ ಸ್ವರಗಳ ಮಾರ್ದನಿಯನ್ನು ಚೆನ್ನಾಗಿ ತಡೆಯುತ್ತದೆ. ಪಕ್ಕದ ಮನೆಯ ಬೋರ್‌ವೆಲ್ ಮೋಟಾರಿನ ಗುಂಯ್‌ಗುಡುವಿಕೆಗೆ ಮಾತ್ರ ಅದು ಲೆಕ್ಕಕ್ಕಿಲ್ಲ. ಮೋಟಾರಿನ ಸಮಯ ಕೇಳಿ ಬರೆದಿಟ್ಟುಕೊಂಡಿದ್ದೇನೆ.

ಗಾಳಿಯದು ಬೇರೆಯೇ ಕಥೆ. ಜೋಗಿಮಟ್ಟಿಯ ಮೇಲೆ ಗಾಳಿಯಂತ್ರ ನಿಲ್ಲಿಸಿದವರು ಸುಮ್ಮನೆ ನಿಲ್ಲಿಸಿಲ್ಲ. ಕಿಟಕಿ ತೆರೆದರೆ ಮೈಕಿನಲ್ಲಿ ಗುಡುಗು, ಮುಚ್ಚಿದರೆ ಒಳಗೆ ಕುಲುಮೆ. ಫ್ಯಾನ್ ಹಾಕುವಂತೆಯೂ ಇಲ್ಲ.

ಸೆಕೆಗೂ ಶ್ರುತಿಗೂ ನೇರ ಸಂಬಂಧ. ಕೊಳಲಿನೊಳಗಿನ ಗಾಳಿ ಬಿಸಿಯಾದಷ್ಟೂ ಸ್ವರ ಏರುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್. ಗಿಟಾರಿನ ಉಕ್ಕಿನ ತಂತಿ ಬಿಸಿಗೆ ಹಿಗ್ಗಿ ಸಡಿಲಾಗುತ್ತದೆ, ಅದರ ಸ್ವರ ಇಳಿಯುತ್ತದೆ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. "ಮೇಷ್ಟ್ರೇ, ನಿಮ್ಮ ತಂತಿ ಮತ್ತೆ ಮಲಗಿತು" ಎಂದು ತಾತ ಹೇಳುವುದಕ್ಕೂ ಟ್ಯೂನರಿನ ಮುಳ್ಳು ಎಡಕ್ಕೆ ವಾಲುವುದಕ್ಕೂ ಸರಿಹೋಗುತ್ತಿತ್ತು. ಈಗ ಬೆಳಕು ಹರಿಯುವ ಮೊದಲೇ ಕೂರುತ್ತೇವೆ, ಬಿಸಿಲೇರುವ ಹೊತ್ತಿಗೆ ಮುಗಿಸುತ್ತೇವೆ.

ಮೇ ಮಧ್ಯ

ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಎಂದು ತಾಳ ಎಣಿಸುವ ಕ್ಲಿಕ್ಕನ್ನು ತಾತ ಒಂದೇ ನಿಮಿಷ ಸಹಿಸಿ ತೆಗೆದಿಟ್ಟರು. ಅವರ ಲಯ ಉಸಿರಿಗೆ ಕಟ್ಟಿದ್ದು; ಸೊಲ್ಲಿನ ಕೊನೆಯಲ್ಲಿ ಎಷ್ಟು ನಿಲ್ಲಬೇಕೋ ಅಷ್ಟು ನಿಂತೇ ಮುಂದಿನದು. ಹೀಗಾಗಿ ಒಂದೊಂದೇ ವಾದ್ಯವನ್ನು ಬೇರೆ ಬೇರೆ ಧ್ವನಿಮುದ್ರಿಸುವ ಆಲೋಚನೆ ಬಿಟ್ಟೆ. ಎದುರುಬದುರು ಕುಳಿತು, ಎರಡು ಮೈಕ್ ಇಟ್ಟು, ಅವರ ಎದೆ ಏರಿಳಿಯುವುದನ್ನು ನೋಡುತ್ತಾ ನುಡಿಸಿದೆ. ಗಣೆಯ ಮೈಕಿನಲ್ಲಿ ಗಿಟಾರೂ ಗಿಟಾರಿನ ಮೈಕಿನಲ್ಲಿ ಗಣೆಯೂ ಸೇರಿಕೊಂಡಿವೆ. ಆಮೇಲೆ ಒಂದನ್ನೇ ತಿದ್ದಲು ಬರುವುದಿಲ್ಲ. ಹಾಡು ಇಡಿಯಾಗಿ ಬಂದರೆ ಬಂತು, ಇಲ್ಲವೆಂದರೆ ಮೊದಲಿನಿಂದ. ಎರಡೂ ಹಾಡು ಬಂದಿವೆ.

ನನ್ನವುಗಳಲ್ಲಿ ಮಾರಿಕಣಿವೆಯ ಹಾಡಿನದೇ ಹೆಚ್ಚು ಕೆಲಸ. ವೇದಾವತಿಗೆ ಕಟ್ಟಿದ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. ಎರಡನೆಯ ಚರಣ ಮುಗಿಯುವುದು 1933ಕ್ಕೆ, ಮೂರನೆಯದು ಶುರುವಾಗುವುದು 2022ಕ್ಕೆ. ನಡುವೆ ಮಾತಿಲ್ಲ, 89 ಏಟು ಗಿಟಾರ್ ಮಾತ್ರ, ವರ್ಷಕ್ಕೊಂದು. ಒಂದು ಸಮಸ್ಯೆ: 89 ಅವಿಭಾಜ್ಯ ಸಂಖ್ಯೆ, ಯಾವ ತಾಳಕ್ಕೂ ಕೂರುವುದಿಲ್ಲ. ಎಂಟರ ಹನ್ನೊಂದು ಆವರ್ತ ಮುಗಿಸಿದರೆ 88. ಉಳಿದ ಒಂದು ಏಟಿನ ಮೇಲೆ ನೀರು ಬರುತ್ತದೆ, ದನಿ ಎತ್ತುತ್ತೇನೆ. ನಿಮಿಷಕ್ಕೆ 72 ಏಟಿನ ಲೆಕ್ಕದಲ್ಲಿ ಈ ಬಿಡುವು 74 ಸೆಕೆಂಡು. ಅಷ್ಟರಲ್ಲಿ ಕೇಳುವವರು ಎದ್ದು ಹೋಗುತ್ತಾರೆ ಎಂಬುದು ಗೆಳೆಯನ ಆತಂಕ. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಎಣಿಕೆ ಬೀಳುತ್ತದೆ, ಆ ಹೊತ್ತಿಗೆ ಮೊದಲ ಚರಣವೇ ಮುಗಿದಿರುವುದಿಲ್ಲ ಎಂದೆ. ಬಯಲುಸೀಮೆಯವರಿಗೆ ನೀರಿಗಾಗಿ ಕಾಯುವುದು ಹೊಸದೇನೂ ಅಲ್ಲ.

ಜೂನ್ ಆರಂಭ

ಶಾಲೆ ತೆರೆದಿದೆ. ಈಗ ಕಾಗದದ ಕೆಲಸ, ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಹಾಡು ಏರಿಸುವ ಅರ್ಜಿಯಲ್ಲಿ ಸಂಯೋಜಕರ ಹೆಸರಿನ ಜಾಗದಲ್ಲಿ 'ಸಾಂಪ್ರದಾಯಿಕ' ಎಂದು ತುಂಬಿ ಮುಂದೆ ಹೋಗುವುದು ರೂಢಿ. ರಘು ದೀಕ್ಷಿತ್ ಹಾಡುವ ಶಿಶುನಾಳ ಷರೀಫರ ವಿಷಯ ಬೇರೆ: ಷರೀಫರು ತೀರಿಕೊಂಡದ್ದು 1889ರಲ್ಲಿ, ಹೆಸರು ಉಳಿದಿದೆ, ಹಕ್ಕಿನ ಅವಧಿ ಎಂದೋ ಮುಗಿದಿದೆ. ತಾತ ನನ್ನೆದುರಿಗೇ ಕುಳಿತು ಉಸಿರು ಕೊಟ್ಟವರು. ಧಾಟಿ ಹಿರಿಯರಿಂದ ಬಂದದ್ದಿರಬಹುದು, ಊದಿದ್ದು ಪರಂಪರೆಯಲ್ಲ, ಒಬ್ಬ ಮನುಷ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೆಯ ಕಲಮು ಪ್ರದರ್ಶಕರಿಗೆ 50 ವರ್ಷಗಳ ಹಕ್ಕು ಕೊಡುತ್ತದೆ. 2012ರ ತಿದ್ದುಪಡಿಯ ನಂತರ ವಾಣಿಜ್ಯ ಬಳಕೆಯ ರಾಯಧನಕ್ಕೂ ಅವರು ಅರ್ಹರು. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯ ಹೆಸರು ನಾಡಿಗೆಲ್ಲ ಗೊತ್ತಾಗಿ ನಾಡೋಜ ಗೌರವ ಬಂದಿತೆಂದರೆ, ಆಕೆಯ ಹಾಡುಗಳನ್ನು ಬರೆದುಕೊಂಡವರು ಆಕೆಯ ಹೆಸರನ್ನೂ ಬರೆದುಕೊಂಡಿದ್ದರಿಂದ.

ಕನ್ನಡದಲ್ಲೇ ಒಂದು ಪುಟದ ಒಪ್ಪಂದ ಬರೆದೆವು. ಧ್ವನಿಮುದ್ರಣದ ಸಂಭಾವನೆ ಆಯಾ ದಿನವೇ ಕೈಗೆ ಕೊಟ್ಟಾಗಿದೆ. ಗಣೆ ಇರುವ ಎರಡೂ ಹಾಡುಗಳ ಆದಾಯದಲ್ಲಿ ಅರ್ಧ ಅವರ ಖಾತೆಗೆ, ಮುಖಪುಟದಲ್ಲಿ ಮೊದಲ ಹೆಸರು ಅವರದು. ಮೊಮ್ಮಗಳು ಜೋರಾಗಿ ಓದಿ ಹೇಳಿದಳು. "ಅರ್ಧ ಅಂದರೆ ಎಷ್ಟಾಗುತ್ತದೆ ಮೇಷ್ಟ್ರೇ?" ಎಂದರು ತಾತ. ವರ್ಷಕ್ಕೆ ಒಂದು ಟೀ ಖರ್ಚು ಬಂದರೆ ಹೆಚ್ಚು ಎಂದೆ. ನಕ್ಕು ಸಹಿ ಹಾಕಿದರು.

ಬಾಕಿ: ಮಾರಿಕಣಿವೆಯ ಮೂರನೆಯ ಚರಣದಲ್ಲಿ ಎರಡು ಸಾಲು ಇನ್ನೂ ಕುಂಟುತ್ತಿವೆ. ಐದೂ ಹಾಡಿನ ಮಿಕ್ಸಿಂಗ್ ದಸರೆ ರಜೆಗೆ. ಅದಕ್ಕೆ ಮೊದಲು ಗಣೆಯ ಎರಡು ಹಾಡನ್ನು ಪೆನ್‌ಡ್ರೈವಿಗೆ ಹಾಕಿ ಹಟ್ಟಿಗೆ ಒಯ್ಯಬೇಕು. ತಾತನಿಗೆ ಒಪ್ಪಿಗೆಯಾಗದ್ದು ಹೊರಗೆ ಬರುವುದಿಲ್ಲ.