ನಿಂಗವ್ವ ಎಂಬ ಹೆಸರಿಗೆ ಅರ್ಥವಿದೆಯೇ?

ಗದಗದಲ್ಲಿ ಕನ್ನಡ ಕಲಿಸುವ ನನ್ನನ್ನು, ಕೂಸಿಗೆ ಹೆಸರಿಡಲು ಹೊರಟ ತಂದೆತಾಯಂದಿರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದೇ: “ಸರ್, ಮನ್ಯಾಗ ಹಿರೇರು ಅಜ್ಜಿ ಹೆಸರು ನಿಂಗವ್ವ ಅಂತ ಇಡ್ರಿ ಅಂತಾರ. ಅದಕ್ಕ ಏನರ ಅರ್ಥ ಐತೇನ್ರಿ?” ನಿಂಗವ್ವನ ಜಾಗದಲ್ಲಿ ಈರಣ್ಣ, ಫಕ್ಕೀರಪ್ಪ, ತಿಪ್ಪವ್ವ ಇರಬಹುದು, ಕೇಳುವವರ ಅಳುಕು ಮಾತ್ರ ಅದೇ. ಓದುಬರಹ ಬಾರದವರ ಬಾಯಲ್ಲಿ ಕೆಟ್ಟುಹೋದ ಹೆಸರುಗಳಿವು ಎಂದು ಅವರು ತಿಳಿದಿರುತ್ತಾರೆ.

ಅರ್ಥವಿದೆ, ಮತ್ತು ಅವು ಕೆಟ್ಟಿಲ್ಲ. ಲಿಂಗ ಎಂಬ ಪದದ ಲಕಾರ ತನ್ನ ಮುಂದಿನ ಅನುನಾಸಿಕಕ್ಕೆ ಒಲಿದು ನಕಾರವಾಗಿ ನಿಂಗ ಆಗಿದೆ. ಈ ಎರಡು ಅಕ್ಷರಗಳ ಅದಲುಬದಲನ್ನು ಸಂತೆಯಲ್ಲಿ ಲಿಂಬಿ, ನಿಂಬಿ ಎಂದು ದಿನವೂ ಕೇಳುತ್ತೇವೆ. ವಿಭೂತಿಯನ್ನು ಈಬತ್ತಿ ಎನ್ನುವ ನಾಲಿಗೆಯೇ ವೀರಣ್ಣನನ್ನು ಈರಣ್ಣನನ್ನಾಗಿಸಿದೆ. ವೃಷಭ ಬಸವ ಆದದ್ದು, ವಸತಿ ಬಸದಿ ಆದದ್ದು ಇಂಥದೇ ಬದಲಾವಣೆಯಿಂದ, ಅವನ್ನು ವ್ಯಾಕರಣ ತದ್ಭವವೆಂದು ಗೌರವಿಸುತ್ತದೆ. ನಾರಾಯಣ ಎಂಬುದು ನಾರಣ ಆದದ್ದರಿಂದಲ್ಲವೇ ನಮ್ಮ ಕುಮಾರವ್ಯಾಸ ಗದುಗಿನ ನಾರಣಪ್ಪ? ಆ ಹೆಸರನ್ನು ಎದೆಯುಬ್ಬಿಸಿ ಹೇಳುವ ಊರು ನಿಂಗವ್ವನ ಬಗ್ಗೆ ನಾಚಿಕೊಳ್ಳುವುದು ನನಗೆ ನೋವಿನ ಸಂಗತಿ.

ಹೆಸರಿನ ಉಳಿದರ್ಧವಾದ ‘ಅವ್ವ’ ಇನ್ನೂ ಹಳೆಯದು. ಗದಗದಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ, ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆಯ ಹೆಸರನ್ನು ನಿಧಾನವಾಗಿ ಉಚ್ಚರಿಸಿ ನೋಡಿ: ಕೊನೆಯಲ್ಲಿರುವ ‘ಅಬ್ಬೆ’ ತಾಯಿ ಎಂಬ ಅರ್ಥದ ಹಳಗನ್ನಡ ಪದ, ಅದು ಅವ್ವೆಯಾಗಿ, ಅವ್ವ ಆಗಿ ನಮ್ಮ ಅಡುಗೆಮನೆಗಳವರೆಗೆ ಬಂದಿದೆ. ಪಂಪನ ತಾಯಿ ಅಬ್ಬಣಬ್ಬೆ, ಅವಳ ತವರು ಅಣ್ಣಿಗೇರಿ. ಸಾವಿರ ವರ್ಷಗಳಿಂದ ಈ ನೆಲದ ಹೆಣ್ಣುಮಕ್ಕಳು ಹೊತ್ತು ಬಂದಿರುವ ಪದವನ್ನು, ತೊಟ್ಟಿಲ ಮೇಲೆ ಬಾಗಿದ ಸೋದರತ್ತೆ ಇಂದಿಗೂ ಕೂಸಿನ ಕಿವಿಯಲ್ಲಿ ಉಸುರುತ್ತಾಳೆ.

ತಿಪ್ಪವ್ವನ ಕಥೆ ಬೇರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಈ ಒಂದಾದರೂ ಬದುಕಲೆಂದು ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಯಾರೋ ಬಿಟ್ಟುಹೋದದ್ದನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದು ಆ ಹೆಸರು ಇಡುತ್ತಿದ್ದರು. ಅದನ್ನು ಕೊಳಕು ಹೆಸರೆಂದು ನಗುವವರಿಗೆ ನಾನು ಈ ಮಾತನ್ನೇ ಹೇಳುತ್ತೇನೆ, ಆಮೇಲೆ ಯಾರೂ ನಕ್ಕದ್ದಿಲ್ಲ. ತಿರಕಪ್ಪನ ಹೆಸರಿನಲ್ಲಿರುವುದು ತಿರಿದು ತಿನ್ನುವ ತಿರುಕ. ಶಿರಹಟ್ಟಿಯ ಫಕೀರೇಶ್ವರನಿಗೆ ನಡೆದುಕೊಳ್ಳುವ ಮನೆಗಳ ಫಕ್ಕೀರಪ್ಪನಲ್ಲಿರುವ ಫಕೀರ ಅರಬ್ಬಿಯಿಂದ ಬಂದ ಪದವಾದರೂ ಅದರ ಅರ್ಥವೂ ಬಡವ, ಬೇಡುವವ ಎಂದೇ. ಎರಡು ಭಾಷೆಗಳ ಒಂದೇ ಅರ್ಥದ ಹೆಸರುಗಳು ಒಂದೇ ಓಣಿಯ ಎದುರುಬದುರು ಮನೆಗಳಲ್ಲಿರುವುದನ್ನು ನಾನು ಬಲ್ಲೆ.

ಹಾಗಾದರೆ ಇಡಬಹುದೇ? ಇಡಿ, ಆದರೆ ಮನೆಯಲ್ಲಿ ಕರೆಯುವ ಹಾಗೆಯೇ ಬರೆಸಿರಿ. ನಮ್ಮ ಅತ್ತೆಯ ಹೆಸರು ನಿಂಗವ್ವ. ಕಚೇರಿಯೊಂದರಲ್ಲಿ ಯಾರೋ ಅದನ್ನು ‘ತಿದ್ದಿ’ ಲಿಂಗಮ್ಮ ಎಂದು ಬರೆದಿದ್ದರಿಂದ, ಬ್ಯಾಂಕಿನ ಪುಸ್ತಕಕ್ಕೂ ಪಿಂಚಣಿಯ ಕಾಗದಕ್ಕೂ ತಾಳೆಯಾಗದೆ ಅವಳ ಹಣ ಐದು ತಿಂಗಳು ನಿಂತಿತು. ಲಿಂಗಮ್ಮ, ನಿಂಗವ್ವ ಇಬ್ಬರೂ ತಾನೇ ಎಂದು ಅಫಿಡವಿಟ್ಟಿಗೆ ಹೆಬ್ಬೆಟ್ಟು ಒತ್ತುವಾಗ ಅವಳು ಕೇಳಿದ್ದು ಇಷ್ಟೇ: “ಈ ಲಿಂಗಮ್ಮ ಯಾರಪಾ?”