ರೋವರ್ ಹೊರಟ ಮೇಲೆ ಯಾರೂ ಕೈ ಹಾಕುವಂತಿಲ್ಲ

ಮಕ್ಕಳ ಕೋಡಿಂಗ್ ಸ್ಪರ್ಧೆಯೊಂದಕ್ಕೆ ಮಾರ್ಗದರ್ಶಕಿಯಾಗಿ ಹೋಗಿದ್ದೆ. ಆ ದಿನದ ಸವಾಲು ಮಂಗಳ ಗ್ರಹದ್ದು. ಪರದೆ ಮೇಲೆ ಚೌಕಚೌಕದ ನಕ್ಷೆ, ಅದರ ತುಂಬ ಬಂಡೆ, ಹಳ್ಳ, ಮರಳು. ರೋವರ್, ಅಂದರೆ ತಾನೇ ಓಡಾಡುವ ಪುಟ್ಟ ಗಾಡಿ, ಆ ತುದಿಯ ಕಲ್ಲಿನ ಹತ್ತಿರ ಹೋಗಿ ಫೋಟೋ ಕಳಿಸಬೇಕು. ಅದಕ್ಕೆ ಪೈಥಾನ್‌ನಲ್ಲಿ ಪ್ರೋಗ್ರಾಮ್ ಬರೆಯಬೇಕು.

ಇಷ್ಟೇ ಆಗಿದ್ದರೆ ಮಕ್ಕಳಿಗೆ ಸಲೀಸು. ಆದರೆ ಒಂದು ನಿಯಮ ಇತ್ತು. ಪ್ರೋಗ್ರಾಮ್ ಕಳಿಸಿದ ಮೇಲೆ ಯಾರೂ ಕೈ ಹಾಕುವಂತಿಲ್ಲ. 12 ನಿಮಿಷ ಪರದೆಯಲ್ಲಿ ಏನೂ ಕಾಣುವುದಿಲ್ಲ. ಈ ನಿಯಮ ನನಗೆ ತುಂಬಾ ಹಿಡಿಸಿತು. ಭೂಮಿಯಿಂದ ರೇಡಿಯೋ ಸಂದೇಶ ಮಂಗಳ ತಲುಪಲು ಸುಮಾರು 3ರಿಂದ 22 ನಿಮಿಷ ಬೇಕು, ಎರಡೂ ಗ್ರಹ ಎಷ್ಟು ದೂರ ಇವೆ ಅನ್ನುವುದರ ಮೇಲೆ. ನಾವು 'ನಿಲ್ಲು' ಅನ್ನುವಷ್ಟರಲ್ಲಿ ರೋವರ್ ಹಳ್ಳಕ್ಕೆ ಬಿದ್ದಾಗಿರುತ್ತದೆ.

ಒಂಬತ್ತನೇ ತರಗತಿಯ ಮೂವರು ಹುಡುಗಿಯರ ರೋವರ್ ಅರ್ಧ ದಾರಿಯಲ್ಲೇ ಸತ್ತುಹೋಯಿತು. ಅದು ಹೆಜ್ಜೆಹೆಜ್ಜೆಗೂ ಬರೆದಿಟ್ಟ ದಾಖಲೆ, ಅಂದರೆ ಲಾಗ್ ತೆಗೆದು ನೋಡಿದೆವು. ಮುಂದಿನ ಅಡ್ಡಿ ಎಷ್ಟು ದೂರ ಅಂತ ಸೆನ್ಸರ್ ಅಳೆದಿದ್ದು, ಆಮೇಲೆ ರೋವರ್ ಮಾಡಿದ್ದು. ದೂರ 4, ಮುಂದೆ. ದೂರ 3, ಮುಂದೆ. ದೂರ -1, ಎಡಕ್ಕೆ. ದೂರ -1, ಎಡಕ್ಕೆ. ಪುಟದ ತುಂಬ ಅದೇ. ಬ್ಯಾಟರಿ ಮುಗಿಯುವ ತನಕ ಪಾಪ, ನಿಂತಲ್ಲೇ ಸುತ್ತಿದೆ.

ಅವರ ಕೋಡ್ ಹೀಗಿತ್ತು: ದೂರ 1ಕ್ಕಿಂತ ಕಡಿಮೆ ಇದ್ದರೆ ಎಡಕ್ಕೆ ತಿರುಗು. ಒಬ್ಬಳು ತುಂಬಾ ಹೊತ್ತು ಲಾಗ್ ನೋಡಿ, "ಮಿಸ್, ಮೈನಸ್ ಒಂದು ಅನ್ನೋದು ದೂರಾನೇ ಅಲ್ವಲ್ಲ! ಧೂಳಲ್ಲಿ ಏನೂ ಕಾಣ್ತಿಲ್ಲ ಅಂತ ಸೆನ್ಸರ್ ಹೇಳ್ತಿದೆ. ನಮ್ಮ ರೋವರ್ ಬಂಡೆ ಇದೆ ಅಂದ್ಕೊಂಡಿದೆ" ಅಂದಳು.

ನನಗೆ ಮೈ ಜುಮ್ಮೆಂದಿತು. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್‌ನ ಮೊದಲ ಹಾರಾಟದಲ್ಲಿ ಆಗಿದ್ದು ಹೆಚ್ಚುಕಡಿಮೆ ಇದೇ. ಹಿಂದಿನ ರಾಕೆಟ್ ಏರಿಯಾನ್ 4ರಿಂದ ತಂದ ಕೋಡ್, 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ಗೆ ಇಳಿಸಲು, ಅಂದರೆ ದೊಡ್ಡ ಜಾಗದ ಸಂಖ್ಯೆಯನ್ನು ಚಿಕ್ಕ ಜಾಗದಲ್ಲಿ ತುರುಕಲು ಹೋಯಿತು. ಸಂಖ್ಯೆ ಅದರಲ್ಲಿ ಹಿಡಿಸಲಿಲ್ಲ. ದಿಕ್ಕು ಹೇಳುವ ಕಂಪ್ಯೂಟರ್ ಕೈಚೆಲ್ಲಿ, ತನ್ನ ದೋಷದ ವಿವರ ಕಳಿಸಿತು. ಮುಖ್ಯ ಕಂಪ್ಯೂಟರ್ ಅದನ್ನೇ ಹಾರಾಟದ ಅಳತೆ ಅಂದುಕೊಂಡು ರಾಕೆಟ್ಟನ್ನು ತಿರುಗಿಸಿತು. ಹೊರಟು 40 ಸೆಕೆಂಡ್ ಆಗುವ ಮೊದಲೇ ಎಲ್ಲ ಚೂರುಚೂರು. ಇದನ್ನು ಹೇಳಿದಾಗ ಮೂವರೂ ಬಾಯಿಬಿಟ್ಟುಕೊಂಡು ಕೇಳಿದರು. ಚಂದ್ರಯಾನ-3ರ ವಿಷಯವನ್ನೂ ಹೇಳಿದೆ. ಯಾವುದು ಕೆಡಬಹುದು, ಕೆಟ್ಟರೂ ಇಳಿಯುವುದು ಹೇಗೆ ಅಂತ ಯೋಚಿಸಿಯೇ ಅದನ್ನು ರೂಪಿಸಿದ್ದು ಎಂದು ಆಗಿನ ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದ್ದರು.

ಹುಡುಗಿಯರು ಊಟವನ್ನೂ ಮರೆತು ಕೋಡ್ ತಿದ್ದಿದರು. -1 ಬಂದರೆ ನಿಲ್ಲು, ಒಂದು ಹೆಜ್ಜೆ ಹಿಂದೆ ಹೋಗು, ಮತ್ತೆ ಅಳೆ. ಮೂರು ಸಲವೂ ಅದೇ ಬಂದರೆ ಅಲ್ಲೇ ಇದ್ದು ಸುದ್ದಿ ಕಳಿಸು.

ಕೊನೆಯ ಸುತ್ತಿನಲ್ಲಿ ಧೂಳು ಇನ್ನೂ ಜಾಸ್ತಿ ಇತ್ತು. ಅವರ ರೋವರ್ ಕಲ್ಲು ಮುಟ್ಟಲಿಲ್ಲ. "ಸೆನ್ಸರ್ ಕಾಣುತ್ತಿಲ್ಲ, ನಿಂತಿದ್ದೇನೆ, ಬ್ಯಾಟರಿ 61" ಎಂಬ ಸಾಲು ಮಾತ್ರ ಬಂತು. ಮೂವರೂ ಕುಣಿದಾಡಿದರು.

ಫೋಟೋ ಇಲ್ಲ ಅಂತ ತೀರ್ಪುಗಾರರು ಸೊನ್ನೆ ಕೊಟ್ಟರು. ಇದು ನನಗೆ ಒಪ್ಪಿಗೆ ಆಗಲಿಲ್ಲ. ನಿಜವಾದ ನೌಕೆಗಳೂ ಗೊಂದಲವಾದಾಗ ಸುಮ್ಮನೆ ನಿಂತು, ಭೂಮಿಯ ಆದೇಶಕ್ಕೆ ಕಾಯುತ್ತವೆ. ಆ ರೋವರ್ ಬದುಕಿತ್ತು, ಮರುದಿನ ಹೊಸ ದಾರಿ ಹೇಳಿಕೊಟ್ಟಿದ್ದರೆ ಹೊರಡುತ್ತಿತ್ತು. ಮುಂದಿನ ಸಲ ಅಂಕಪಟ್ಟಿಯಲ್ಲಿ ಇದಕ್ಕೂ ಒಂದು ಕಾಲಂ ಇರಲಿ ಅಂತ ಸಂಘಟಕರಿಗೆ ಬರೆದು ಕೊಟ್ಟು ಬಂದೆ.